ಥಾಮಸ್ ಕೂನ್ ಮತ್ತು ವಿಜ್ಞಾನ ಚರಿತ್ರೆಯ ಹೊಸ ಹಾದಿ

ವಿಜ್ಞಾನದ ಇತಿಹಾಸ ಒಂದು ಸ್ವತಂತ್ರ ಅಧ್ಯಯನ ಕ್ಷೇತ್ರವಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಬೆಲ್ಜಿಯಂನ ಜಾರ್ಜ್ ಸಾರ್ಟನ್ 1912ರಲ್ಲಿ ‘ಐಸಿಸ್’ ಪತ್ರಿಕೆ ಸ್ಥಾಪಿಸಿದರು. ಮುಂದೆ ಹಾರ್ವರ್ಡ್‌ನಲ್ಲಿ ನೆಲೆನಿಂತು ಈ ಕ್ಷೇತ್ರಕ್ಕೆ ಬುನಾದಿ ಹಾಕಿದರು. ಅವರ ದೃಷ್ಟಿಯಲ್ಲಿ ವಿಜ್ಞಾನವೆಂದರೆ ಸತತವಾಗಿ ಕೂಡುತ್ತಾ ಹೋಗುವ ಜ್ಞಾನ. ಹಿಂದಿನವರನ್ನು ಅವರ ಕಾಲದ ಚಿಂತನೆಯೊಳಗೇ ಇಟ್ಟು ಓದಬೇಕೆಂದು ತೋರಿಸಿದವರು ಗೆಲಿಲಿಯೋ ಅಧ್ಯಯನಗಳಿಗೆ ಹೆಸರಾದ ಅಲೆಕ್ಸಾಂಡರ್ ಕೊಯ್ರೆ. ಆ ಹಾದಿಯನ್ನು ಹೆದ್ದಾರಿ ಮಾಡಿದವರು ಭೌತವಿಜ್ಞಾನಿ ಥಾಮಸ್ ಕೂನ್.

1922ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಹುಟ್ಟಿದ ಕೂನ್, ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಓದಿ, ಯುದ್ಧಕಾಲದಲ್ಲಿ ರೇಡಾರ್ ಸಂಶೋಧನೆಯಲ್ಲಿ ದುಡಿದರು. ಜಾನ್ ವಾನ್ ವ್ಲೆಕ್ ಮಾರ್ಗದರ್ಶನದಲ್ಲಿ 1949ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಾಗಲೇ ಮನಸ್ಸು ಬೇರೆಡೆ ತಿರುಗಿತ್ತು. ಹಾರ್ವರ್ಡ್ ಅಧ್ಯಕ್ಷ ಜೇಮ್ಸ್ ಕಾನಂಟ್, ವಿಜ್ಞಾನೇತರ ವಿದ್ಯಾರ್ಥಿಗಳಿಗೆ ಇತಿಹಾಸದ ಮೂಲಕ ವಿಜ್ಞಾನ ಕಲಿಸುವ ಕೆಲಸಕ್ಕೆ ಅವರನ್ನು ಕರೆದಿದ್ದರು. ಪಾಠದ ತಯಾರಿಗಾಗಿ 1947ರಲ್ಲಿ ಅರಿಸ್ಟಾಟಲ್‌ನನ್ನು ಓದಿದಾಗ, ಚಲನೆಯ ಬಗ್ಗೆ ಅವನು ಹೇಳಿದ್ದೆಲ್ಲ ಶುದ್ಧ ತಪ್ಪೆಂದು ಕಂಡಿತು. ಅಷ್ಟು ಸೂಕ್ಷ್ಮಮತಿ ಇಲ್ಲಿ ಮಾತ್ರ ಹೀಗೆ ಎಡವಿದ್ದೇಕೆ? ಈ ಪ್ರಶ್ನೆ ಕೂನ್‌ರನ್ನು ಬಿಡಲಿಲ್ಲ. ಕಲ್ಲು ಬೀಳುವುದು, ಬೀಜ ಮರವಾಗುವುದು, ರೋಗಿ ಚೇತರಿಸಿಕೊಳ್ಳುವುದು ಎಲ್ಲವೂ ಅರಿಸ್ಟಾಟಲ್‌ಗೆ ಒಂದೇ ಬಗೆಯ ಬದಲಾವಣೆಗಳು ಎಂದು ಹೊಳೆದೊಡನೆ ಅವನ ಮಾತುಗಳಿಗೆ ಅರ್ಥ ಬಂತು.

ಈ ಹೊಳಹೇ 1957ರ ಕೋಪರ್ನಿಕಸ್ ಕುರಿತ ಪುಸ್ತಕಕ್ಕೂ, 1962ರ ‘ದಿ ಸ್ಟ್ರಕ್ಚರ್ ಆಫ್ ಸೈಂಟಿಫಿಕ್ ರೆವಲ್ಯೂಷನ್ಸ್’ ಕೃತಿಗೂ ದಾರಿಯಾಯಿತು. ವಿಜ್ಞಾನ ಬಹುಕಾಲ ಒಂದು ಒಪ್ಪಿತ ಚೌಕಟ್ಟಿನೊಳಗೆ ಸಾಗುತ್ತದೆ. ಉತ್ತರ ಸಿಗದ ವೈಪರೀತ್ಯಗಳು ಹೆಚ್ಚಿದಾಗ ಬಿಕ್ಕಟ್ಟು ತಲೆದೋರಿ, ಚೌಕಟ್ಟೇ ಬದಲಾಗುತ್ತದೆ ಎಂಬುದು ಅದರ ತಿರುಳು.

ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಕಡಿಮೆ ಜನರಿಗೆ ಗೊತ್ತು. ಕ್ವಾಂಟಮ್ ಭೌತವಿಜ್ಞಾನ ಕಟ್ಟಿದವರು ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. 1961ರಲ್ಲಿ ಕೂನ್ ನೇತೃತ್ವದ ತಂಡ ಅವರ ಸಂದರ್ಶನಗಳನ್ನು ಧ್ವನಿಮುದ್ರಿಸಲು, ಪತ್ರ ಮತ್ತು ಹಸ್ತಪ್ರತಿಗಳನ್ನು ಕಲೆಹಾಕಲು ಹೊರಟಿತು. 1962ರ ನವೆಂಬರ್ 17ರಂದು ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಜೊತೆ ಐದನೆಯ ಮಾತುಕತೆ ನಡೆಯಿತು. ಮರುದಿನವೇ ಬೋರ್ ತೀರಿಕೊಂಡರು.

ಈ ಸಂಗ್ರಹದಲ್ಲಿ ದುಡಿದ ಜಾನ್ ಹೈಲ್‌ಬ್ರಾನ್, ಪಾಲ್ ಫೋರ್ಮನ್ ಮುಂದೆ ದೊಡ್ಡ ಇತಿಹಾಸಕಾರರಾದರು. ಭೌತವಿಜ್ಞಾನದಿಂದಲೇ ಬಂದ ಮಾರ್ಟಿನ್ ಕ್ಲೈನ್, ಜೆರಾಲ್ಡ್ ಹೋಲ್ಟನ್ ಹಾಗೂ 1982ರಲ್ಲಿ ಐನ್‌ಸ್ಟೈನ್ ಜೀವನಚರಿತ್ರೆ ಬರೆದ ಅಬ್ರಹಾಂ ಪೈಸ್ ಕ್ಷೇತ್ರವನ್ನು ವಿಸ್ತರಿಸಿದರು. ಚರ್ಚೆಯೂ ಬಿರುಸಾಗಿತ್ತು. 1900ರಲ್ಲಿ ಭೌತವಿಜ್ಞಾನಿ ಪ್ಲಾಂಕ್ ನಿಜಕ್ಕೂ ಶಕ್ತಿಯನ್ನು ತುಣುಕುಗಳಾಗಿ ಕಂಡಿರಲಿಲ್ಲ, ಆ ಹೆಜ್ಜೆ ಐನ್‌ಸ್ಟೈನ್ ಮತ್ತು ಎರೆನ್‌ಫೆಸ್ಟ್ ಅವರದು ಎಂದು ಕೂನ್ 1978ರಲ್ಲಿ ವಾದಿಸಿದಾಗ ಕ್ಲೈನ್ ಒಪ್ಪಲಿಲ್ಲ. ಸಮೀಕರಣಗಳನ್ನು ಸಾಲುಸಾಲಾಗಿ ಓದಬಲ್ಲವರ ನಡುವೆ ಮಾತ್ರ ಇಂಥ ವಾಗ್ವಾದ ಸಾಧ್ಯ.

1996ರಲ್ಲಿ ಕೂನ್ ತೀರಿಕೊಂಡರು. ವಿಜ್ಞಾನ ಬಲ್ಲವರು ಚರಿತ್ರೆಗೆ ಬಂದರೆ ಎರಡೂ ಶ್ರೀಮಂತವಾಗುತ್ತವೆ ಎಂಬುದಕ್ಕೆ ಅವರ ಬದುಕೇ ಪುರಾವೆ. ಅವರ ತಂಡದಂತೆ ಮೂಲ ದಾಖಲೆ ಕಾಪಿಡುವ ಕೆಲಸ ನಮ್ಮಲ್ಲೂ ಇದೆ: ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಈಗ ಭಾರತೀಯ ವಿಜ್ಞಾನದ ಪತ್ರಾಗಾರವಿದೆ. ನಮ್ಮ ಮನೆಗಳಲ್ಲಿ, ಕಾಲೇಜುಗಳಲ್ಲಿ ವಿಜ್ಞಾನಿಗಳ ಟಿಪ್ಪಣಿ ಪುಸ್ತಕ, ಪತ್ರಗಳಿದ್ದರೆ ದಯವಿಟ್ಟು ರದ್ದಿಗೆ ಹಾಕದಿರೋಣ; ಹಿರಿಯ ವಿಜ್ಞಾನಿಗಳ ಮಾತನ್ನು ಇಂದೇ ದಾಖಲಿಸೋಣ.