ಹಳೆಯ ಕಾರಿನ ಕೆಂಪು ದೀಪ ಏಕೆ ಕೈಕೊಡುತ್ತದೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನ ಗ್ಯಾರೇಜೊಂದಕ್ಕೆ ಹಳೆಯ ಅಂಬಾಸಿಡರ್ ಕಾರೊಂದು ಬಂದಿದೆ ಎಂದುಕೊಳ್ಳಿ. ಅದರ ಹಿಂಬದಿಯ ಎಡ ದೀಪ ಮಿಣುಕುತ್ತಿದೆ. ಬ್ರೇಕ್ ಒತ್ತಿದರೆ ಪ್ರಖರವಾಗುವ ಬದಲು ಪೂರ್ತಿ ಮಂಕಾಗುತ್ತದೆ. ‘ಬಲ್ಬು ಮೊನ್ನೆ ತಾನೇ ಹಾಕಿಸಿದ್ದೀನಲ್ಲಪ್ಪಾ’ ಎನ್ನುತ್ತಾರೆ ಮಾಲೀಕರು. ಮೇಸ್ತ್ರಿ ದೀಪವನ್ನು ನೋಡದೆ ಡಿಕ್ಕಿಯೊಳಗೆ ತಲೆ ಹಾಕುತ್ತಾನೆ. ‘ಬಲ್ಬಿಗೇನೂ ಆಗಿಲ್ಲ ಸಾರ್, ಅರ್ತಿಂಗ್ ಹೋಗಿದೆ’ ಎಂಬುದು ಅವನ ತೀರ್ಪು.

ಈ ಒಂದು ಮಾತಿನ ಹಿಂದೆ ಮೋಟಾರು ಉದ್ಯಮದ ನೂರು ವರ್ಷಗಳ ಇತಿಹಾಸವಿದೆ. ಹಳೆಯ ಕಾರಿನ ಹಿಂದೀಪ ಕೆಡುವುದಕ್ಕೆ ಬಹುಪಾಲು ಕಾರಣ ದೀಪವಲ್ಲ. ಆ ಕಾಲದ ತಯಾರಕರು ಮಾಡಿದ ಒಂದು ಉಳಿತಾಯ.

ಎಣ್ಣೆ ದೀಪದ ಕಾಲ

ಮೊದಮೊದಲ ಕಾರುಗಳಲ್ಲಿ ಮುಂದೆ ಅಸಿಟಿಲೀನ್ ಅನಿಲದ ದೀಪಗಳಿದ್ದವು, ಹಿಂದೆ ಸೀಮೆಎಣ್ಣೆಯ ಬುಡ್ಡಿ ಇತ್ತು. ಬ್ರಿಟನ್ನಿನ 1903ರ ಮೋಟಾರು ಕಾರು ಕಾಯ್ದೆ 1904ರ ಜನವರಿ 1ರಂದು ಜಾರಿಗೆ ಬಂದಾಗ ಪ್ರತಿ ಕಾರಿಗೂ ನೋಂದಣಿ ಸಂಖ್ಯೆ ಕಡ್ಡಾಯವಾಯಿತು. ರಾತ್ರಿ ಹೊತ್ತು ಆ ಸಂಖ್ಯೆ ಕಾಣಬೇಕಲ್ಲ? ಹೀಗಾಗಿ ಹಿಂದಿನ ಬುಡ್ಡಿಗೆ ಎರಡು ಕೆಲಸ ಬಿತ್ತು: ಪಕ್ಕದ ಬಿಳಿ ಗಾಜಿನಿಂದ ನಂಬರ್ ಪ್ಲೇಟನ್ನು ಬೆಳಗುವುದು, ಹಿಂದಿನ ಕೆಂಪು ಗಾಜಿನಿಂದ ಬರುವವರನ್ನು ಎಚ್ಚರಿಸುವುದು. ಕೆಂಪೆಂದರೆ ಅಪಾಯ ಎಂಬುದನ್ನು ರೈಲ್ವೆ ಆಗಲೇ ಜನರಿಗೆ ಕಲಿಸಿತ್ತು. ಹಿಂಬದಿಯಲ್ಲಿ ಕೆಂಪು ದೀಪ, ಜೊತೆಗೆ ನಂಬರ್ ಪ್ಲೇಟಿಗೆ ಬಿಳಿ ಬೆಳಕು ಎಂಬ ಆ ಏರ್ಪಾಟು ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಇದೆ.

ಅಮೆರಿಕದ ಕ್ಯಾಡಿಲಾಕ್ ಕಂಪೆನಿ 1912ರ ಮಾದರಿಯಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರನ್ನೂ ವಿದ್ಯುತ್ ದೀಪಗಳನ್ನೂ ಒಟ್ಟಿಗೆ ಕೊಟ್ಟಿತು. ಅಲ್ಲಿಂದ ಮುಂದೆ ಬುಡ್ಡಿಗಳ ಕಾಲ ಮುಗಿಯುತ್ತ ಬಂತು.

ಅರ್ಧ ತಂತಿಯ ಲೆಕ್ಕ

ವಿದ್ಯುತ್ ಹರಿಯಲು ಹೋಗುವ ದಾರಿಯೂ ಬೇಕು, ಮರಳುವ ದಾರಿಯೂ ಬೇಕು. ಆರಂಭದಲ್ಲಿ ಕೆಲವು ತಯಾರಕರು ಪ್ರತಿ ದೀಪಕ್ಕೂ ಎರಡೆರಡು ತಂತಿ ಎಳೆಯುತ್ತಿದ್ದರು. ಆದರೆ ಕಾರಿನ ಚಾಸಿಯೇ ಉಕ್ಕಿನದಾಗಿರುವಾಗ ಎರಡನೆಯ ತಂತಿ ಏಕೆ? ಬ್ಯಾಟರಿಯ ಒಂದು ತುದಿಯನ್ನು ಚಾಸಿಗೆ ಕಟ್ಟಿದರೆ ಇಡೀ ಕಾರೇ ಮರಳುವ ತಂತಿಯಾಗುತ್ತದೆ. ತಾಮ್ರ ಸುಮಾರು ಅರ್ಧದಷ್ಟು ಉಳಿಯಿತು, ಕೂಲಿಯೂ ಉಳಿಯಿತು. ಈ ಪದ್ಧತಿಯೇ ಜಗತ್ತಿನಾದ್ಯಂತ ಗೆದ್ದಿತು. ನಮ್ಮ ಮೇಸ್ತ್ರಿಗಳು ‘ಅರ್ತಿಂಗ್’ ಎನ್ನುವುದು ಇದನ್ನೇ.

ಕಾರು ಹೊಸದಾಗಿರುವವರೆಗೆ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ತಾಮ್ರದ ತಂತಿಗೆ ಹೊದಿಕೆಯುಂಟು, ಕಾರಿನ ಬಾಡಿಗೆ ಬಣ್ಣವೊಂದೇ ರಕ್ಷೆ. ಮಳೆಗಾಲದ ಕೆಸರು ನೇರವಾಗಿ ಎರಚುವುದು ಹಿಂದಿನ ಚಕ್ರದ ಮೇಲ್ಭಾಗಕ್ಕೆ. ಹಿಂದೀಪ ಕೂತಿರುವುದೂ ಅಲ್ಲೇ. ದೀಪದ ಚಿಪ್ಪು ಬಾಡಿಗೆ ತಾಗುವ ಜಾಗದಲ್ಲಿ ತುಕ್ಕು ಹಿಡಿದರೆ, ಅಥವಾ ಹೊಸದಾಗಿ ಬಣ್ಣ ಹೊಡೆಸುವಾಗ ಅಲ್ಲಿಗೂ ದಪ್ಪ ಪದರ ಬಿದ್ದರೆ, ಕರೆಂಟು ಮರಳುವ ದಾರಿ ಮುಚ್ಚಿತೆಂದೇ ಅರ್ಥ.

ಆಗ ನಡೆಯುವುದು ವಿಚಿತ್ರ. ಒಂದೇ ಬಲ್ಬಿನೊಳಗೆ ಎರಡು ತಂತುಗಳಿರುತ್ತವೆ: ರಾತ್ರಿಯ ದೀಪಕ್ಕೆ 5 ವ್ಯಾಟಿನದು, ಬ್ರೇಕಿಗೆ 21 ವ್ಯಾಟಿನದು. ಬ್ರೇಕ್ ಒತ್ತಿದಾಗ ಬಂದ ಕರೆಂಟಿಗೆ ಬಾಡಿಯ ದಾರಿ ಸಿಗದಿದ್ದರೆ ಅದು ಪಕ್ಕದ ಸಣ್ಣ ತಂತುವಿನ ಮೂಲಕ ಹಿಮ್ಮುಖವಾಗಿ ನುಗ್ಗಿ, ಆ ಕಡೆಯ ದೀಪದಲ್ಲೋ ನಂಬರ್ ಪ್ಲೇಟಿನ ದೀಪದಲ್ಲೋ ಹೊರದಾರಿ ಹುಡುಕುತ್ತದೆ. ಬ್ರೇಕ್ ಒತ್ತಿದರೆ ಬೇರೆ ಯಾವುದೋ ದೀಪ ಮಂಕಾಗಿ ಹೊತ್ತುವುದಕ್ಕೆ ಕಾರಣ ಇದು. ಭೂತವೇನೂ ಹೊಕ್ಕಿರುವುದಿಲ್ಲ!

ಲ್ಯೂಕಾಸ್ ಬಣ್ಣಗಳು

ಬ್ರಿಟಿಷ್ ಕಾರುಗಳ ತಂತಿಯ ಮಾತು ಬಂದರೆ ಬರ್ಮಿಂಗ್‌ಹ್ಯಾಮಿನ ಜೋಸೆಫ್ ಲ್ಯೂಕಾಸ್ ಹೆಸರು ಬರಲೇಬೇಕು. 19ನೇ ಶತಮಾನದಲ್ಲಿ ಎಣ್ಣೆ ದೀಪ ಮಾರುತ್ತಿದ್ದ ಆತನ ಸಂಸ್ಥೆ ಮುಂದೆ ಬ್ರಿಟನ್ನಿನ ಬಹುಪಾಲು ಕಾರುಗಳ ವಿದ್ಯುತ್ ಸಾಮಗ್ರಿಯ ಒಡೆತನ ಪಡೆಯಿತು. ದೀಪಗಳು ಕೈಕೊಟ್ಟಾಗ ಅಲ್ಲಿನವರು ತಮಾಷೆಗೆ ಲ್ಯೂಕಾಸನನ್ನು ‘ಕತ್ತಲಿನ ರಾಜಕುಮಾರ’ ಎಂದು ಕರೆದದ್ದುಂಟು. ಆದರೆ ಕೆಲವೇ ವರ್ಷ ಬಾಳಲೆಂದು, ಅಗ್ಗದ ಕಾರಿಗೆಂದು ಮಾಡಿದ ವಸ್ತುವನ್ನು ಐವತ್ತು ವರ್ಷ ಬಳಸಿ ಬೈಯುವುದು ನ್ಯಾಯವಲ್ಲ. 1948ರಲ್ಲಿ ಬಂದ ಮಾರಿಸ್ ಮೈನರ್ ಕಾರಿನಲ್ಲಿ ಇದ್ದ ಫ್ಯೂಸುಗಳು ಎರಡೇ. ದೀಪಗಳಿಗೆ ಫ್ಯೂಸಿನ ರಕ್ಷಣೆಯೇ ಇರಲಿಲ್ಲ. ಅಂದಿನ ತಂತಿಗಳಿಗೆ ರಬ್ಬರು ಮತ್ತು ಹತ್ತಿಯ ಹೆಣಿಗೆ. ವಯಸ್ಸಾದಂತೆ ರಬ್ಬರು ಒಣಗಿ ಬಿರುಕು ಬಿಡುತ್ತದೆ.

ಲ್ಯೂಕಾಸ್ ಕೊಟ್ಟ ದೊಡ್ಡ ಉಪಕಾರ ಬಣ್ಣದ ಸಂಕೇತ. ಕಂದು ಬಣ್ಣದ ತಂತಿ ನೇರ ಬ್ಯಾಟರಿಯದು. ಕೆಂಪು ತಂತಿ ಹಿಂದೀಪದ್ದು. ಹಸಿರಿನ ಮೇಲೆ ನೇರಳೆ ಗೆರೆ ಇದ್ದರೆ ಬ್ರೇಕ್ ದೀಪದ್ದು. ಕಪ್ಪು, ಅರ್ತಿಂಗ್. ಹಿಂದುಸ್ಥಾನ್ ಮೋಟಾರ್ಸ್ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ತಂದು ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಸಿದಾಗ ಈ ಬ್ರಿಟಿಷ್ ಪದ್ಧತಿಯೂ ಜೊತೆಗೇ ಬಂತು. ಮದ್ರಾಸಿನಲ್ಲಿ 1961ರಲ್ಲಿ ಲ್ಯೂಕಾಸ್-ಟಿವಿಎಸ್ ಸ್ಥಾಪನೆಯಾಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತರೂ ಆ ಬಣ್ಣಗಳ ಪಾಠ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ ಸಾಗಿದೆ.

ಇನ್ನೊಂದು ವಿಶೇಷವನ್ನೂ ಗಮನಿಸಬೇಕು. 1930ರ ದಶಕದ ಮಧ್ಯದಿಂದ 1960ರ ದಶಕದವರೆಗೆ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬಾಡಿಗೆ ಕಟ್ಟಿದ್ದು ಬ್ಯಾಟರಿಯ ಧನ ತುದಿಯನ್ನು. ಸಾಧಾರಣ ಬಲ್ಬಿಗೆ ಇದರಿಂದ ವ್ಯತ್ಯಾಸವಿಲ್ಲ. ಆದರೆ ಅಂಥ ಕಾರಿಗೆ ಇಂದಿನ ಎಲ್‌ಇಡಿ ಬಲ್ಬು ಹಾಕಿದರೆ ಅದು ಉರಿಯದೇ ಹೋಗಬಹುದು. ಬಲ್ಬು ಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳುವುದು ಲೇಸು.

ಹುಡುಕುವ ಕ್ರಮ

ಮೇಸ್ತ್ರಿಗಳ ಜಾಣ್ಮೆ ಇರುವುದು ಹುಡುಕುವ ಕ್ರಮದಲ್ಲಿ. ಒಂದು ಬದಿಯ ಒಂದೇ ದೀಪ ಆರಿದ್ದರೆ ಮೊದಲ ಅನುಮಾನ ಬಲ್ಬಿನ ಮೇಲೆ. ಎರಡೂ ಬದಿಯ ಹಿಂದೀಪ ಆರಿ ಬ್ರೇಕ್ ದೀಪ ಚೆನ್ನಾಗಿದ್ದರೆ ದೋಷ ಸ್ವಿಚ್ಚಿನಲ್ಲೋ ಕೆಂಪು ತಂತಿಯಲ್ಲೋ ಇರಬೇಕು; ಫ್ಯೂಸ್ ಉಳ್ಳ ಕಾರಾದರೆ ಅದನ್ನೂ ನೋಡಬೇಕು. ಒಂದೇ ಬದಿಯಲ್ಲಿ ಎರಡೂ ಕೆಟ್ಟು ಒಂದಕ್ಕೊಂದು ಬೆರೆತಂತೆ ವರ್ತಿಸಿದರೆ ಅರ್ತಿಂಗೇ ಕಳ್ಳ.

ಖಚಿತ ಮಾಡಿಕೊಳ್ಳಲು ಒಂದು ಉದ್ದ ತಂತಿ ಸಾಕು. ಅದರ ಒಂದು ತುದಿಯನ್ನು ಬ್ಯಾಟರಿಯನ್ನು ಬಾಡಿಗೆ ಕಟ್ಟಿರುವ ಜಾಗಕ್ಕೂ ಇನ್ನೊಂದನ್ನು ದೀಪದ ಲೋಹದ ಚಿಪ್ಪಿಗೂ ತಾಗಿಸಬೇಕು. ದೀಪ ಝಗ್ಗನೆ ಹೊತ್ತಿದರೆ ಅರ್ತಿಂಗಿನ ದೋಷ ಸಾಬೀತು. ಬಳಿಕ ಬ್ಯಾಟರಿ ಬಿಚ್ಚಿ, ತಿರುಪು ಮತ್ತು ಬಾಡಿ ಸೇರುವ ಜಾಗವನ್ನು ಎಮರಿ ಕಾಗದದಿಂದ ಹೊಳೆಯುವಂತೆ ಉಜ್ಜಿ, ತುಸು ಗ್ರೀಸ್ ಸವರಿ ಬಿಗಿಯಬೇಕು. ಡಿಕ್ಕಿಯಲ್ಲಿ ತಂತಿಗಳು ಕೂಡುವ ಗುಂಡಿನಾಕಾರದ ಜೋಡಣೆಗಳನ್ನೂ ಹಾಗೆಯೇ ಶುಚಿಗೊಳಿಸಬೇಕು. ಇಂಥ ಬಹುಪಾಲು ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂಬದಿಯಲ್ಲೇ ಇರುವುದರಿಂದ ಕಿಡಿ ಹಾರಿಸುವ ಪರೀಕ್ಷೆ ಖಂಡಿತ ಕೂಡದು. ಫ್ಯೂಸ್ ಪದೇ ಪದೇ ಸುಟ್ಟರೆ ದಪ್ಪ ತಂತಿ ಕಟ್ಟುವ ಅಭ್ಯಾಸವೂ ಅಪಾಯಕಾರಿ; ಆಗ ಎಲ್ಲೋ ತಂತಿಯ ಹೊದಿಕೆ ಸವೆದು ಬಾಡಿಗೆ ತಾಗುತ್ತಿರುತ್ತದೆ.

‘ಉರಿಯುತ್ತಲ್ಲ, ಸಾಕು’ ಎನ್ನುವವರೂ ಇದ್ದಾರೆ. 12 ವೋಲ್ಟಿನ ಬಲ್ಬಿಗೆ ತುಕ್ಕಿನ ದೆಸೆಯಿಂದ 10 ವೋಲ್ಟು ಮಾತ್ರ ಸಿಕ್ಕಿದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಳೆಯ ರಾತ್ರಿ ಹೆದ್ದಾರಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಆ ಅರ್ಧ ಬೆಳಕಿನ ಬೆಲೆ ಒಂದು ಜೀವ.

ಮುಂದಿನ ದೀಪ ಕೆಟ್ಟರೆ ಚಾಲಕನಿಗೆ ತಕ್ಷಣ ಗೊತ್ತಾಗುತ್ತದೆ, ದಾರಿ ಕಾಣುವುದಿಲ್ಲ. ಹಿಂದೀಪ ಕೆಟ್ಟದ್ದು ಅವನಿಗೆ ಕಾಣುವುದೇ ಇಲ್ಲ, ಏಕೆಂದರೆ ಅದು ಇರುವುದು ಪರರಿಗಾಗಿ. ಸಂಜೆ ಹೊರಡುವ ಮುನ್ನ ಕಾರಿನ ಹಿಂಬದಿಯನ್ನು ಮನೆಯ ಗೋಡೆಗೆ ಮಾಡಿ ನಿಲ್ಲಿಸಿ, ದೀಪ ಹಾಕಿ, ಬ್ರೇಕ್ ಒತ್ತಿ ಕನ್ನಡಿಯಲ್ಲಿ ನೋಡಿ. ಗೋಡೆಯ ಎರಡೂ ಕಡೆ ಕೆಂಪು ಒಂದೇ ಸಮ ಬಿದ್ದರೆ ಹೊರಡಬಹುದು.