‘ಟೇಕ್ ಆಫ್’: ನೆಲ ಬಿಟ್ಟು ಮೇಲೆದ್ದ ಕ್ರಿಯಾಪದ

ಇಂಗ್ಲಿಷ್‌ನಲ್ಲಿ ಕ್ರಿಯಾಪದವೊಂದರ ಬೆನ್ನಿಗೆ ‘ಔಟ್’, ‘ಅಪ್’, ‘ಆಫ್’ ಮೊದಲಾದ ಚಿಕ್ಕ ಅವ್ಯಯ ಸೇರಿ, ಎರಡೂ ಕೂಡಿ ಹೊಸ ಅರ್ಥ ಕೊಡುವ ರಚನೆಯನ್ನು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಈ ಹೆಸರನ್ನು ಬಳಕೆಗೆ ತಂದ ಲೋಗನ್ ಪಿಯರ್ಸಲ್ ಸ್ಮಿತ್ ಅವರು, ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರಾಡ್ಲಿ ಎಂದು 1925ರ ತಮ್ಮ ಗ್ರಂಥದಲ್ಲಿ ತಿಳಿಸಿದ್ದಾರೆ. ಹೆಸರು ಇತ್ತೀಚಿನದಾದರೂ ರಚನೆ ಹಳೆಯದು. ಹಳೆಯ ಇಂಗ್ಲಿಷ್‌ನಲ್ಲಿ ದಿಕ್ಕನ್ನು ಸೂಚಿಸುವ ಪದ ಅನೇಕ ವೇಳೆ ಕ್ರಿಯಾಪದದ ಮುಂದೆಯೇ ನಿಂತು, ಹೊರಗೆ ಹೋಗುವುದಕ್ಕೆ ‘ಊಟ್‌ಗಾನ್’ ಎಂಬಂಥ ರೂಪಗಳಿದ್ದವು. ಮುಂದಿನ ಶತಮಾನಗಳಲ್ಲಿ ಆ ಪದ ಕ್ರಮೇಣ ಕ್ರಿಯೆಯ ಹಿಂದಕ್ಕೆ ಸರಿಯಿತು. ಕನ್ನಡದ ‘ಹೊರಡು’ ಕೂಡ ಹಳಗನ್ನಡದ ‘ಪೊಱಮಡು’ವಿನಿಂದ ಬಂದದ್ದು, ಅದರಲ್ಲಿ ‘ಹೊರಗೆ’ ಎಂಬರ್ಥದ ‘ಪೊಱ’ ಇಂದಿಗೂ ಮೊದಲ ಸ್ಥಾನದಲ್ಲೇ ಉಳಿದಿದೆ.

‘ಟೇಕ್’ ಎಂಬುದು ಇಂಗ್ಲಿಷ್‌ನ ಮೂಲ ಸ್ವತ್ತಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ ಸ್ಕ್ಯಾಂಡಿನೇವಿಯದ ಜನರ ನುಡಿಯಿಂದ ಬಂದು, ಅದೇ ಅರ್ಥದ ದೇಶೀಯ ಪದವನ್ನು ಬದಿಗೆ ತಳ್ಳಿ ನಿಂತದ್ದು. ‘ಆಫ್’ ಎಂಬುದು ‘ಆಫ್’ ಮತ್ತು ‘ಆವ್’ ಎಂದು ಇಂದು ಬೇರೆ ಬೇರೆಯಾಗಿ ಉಚ್ಚರಿಸಲಾಗುವ ಎರಡು ಪದಗಳಿಗೂ ಮೂಲವಾದ ಒಂದೇ ಹಳೆಯ ಪದದ ಒತ್ತಿ ನುಡಿದ ರೂಪವಾಗಿದ್ದು, ಯಾವುದಾದರೂ ಒಂದರಿಂದ ಬೇರ್ಪಡುವುದನ್ನು ಹೇಳುತ್ತದೆ. ಹೀಗಾಗಿ ಮೈಮೇಲಿನ ಅಂಗಿಯನ್ನು ಕಳಚುವುದು, ಬೆಲೆಯಲ್ಲಿ ಇಷ್ಟೆಂದು ಮುರಿದುಕೊಳ್ಳುವುದು ಎರಡೂ ‘ಟೇಕ್ ಆಫ್’ ಆದವು.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ನಿಘಂಟಿನ ಮುನ್ನುಡಿಯಲ್ಲಿ, ಪರದೇಶಿಗಳಿಗೆ ಅತ್ಯಂತ ತೊಡಕಾಗುವುದು ಇಂಥ ಕ್ರಿಯಾಪದಗಳೇ ಎಂದು ಹೇಳಿ ಕೆಲವು ಉದಾಹರಣೆಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ಪ್ರಯಾಣ ಆರಂಭಿಸುವುದಕ್ಕೆ ಸಲ್ಲುವ ರೂಪ ‘ಸೆಟ್ ಔಟ್’. ‘ಟೇಕ್ ಆಫ್’ಗೆ ಅಲ್ಲಿ ಕೊಟ್ಟಿರುವ ಅರ್ಥ ನಕಲು ಮಾಡುವುದು ಎಂದು ಮಾತ್ರ. ಮತ್ತೊಬ್ಬರ ನಡೆನುಡಿಯನ್ನು ಅಣಕಿಸಿ ತೋರಿಸುವುದಕ್ಕೆ ಇಂದಿಗೂ ಅದೇ ಮಾತಿದೆ.

ನಿರ್ಗಮನದ ಅರ್ಥಕ್ಕೆ ದಾರಿ ತೆರೆದದ್ದು ಜಿಗಿತ. 19ನೇ ಶತಮಾನದಲ್ಲಿ ಬೇಲಿ ಹಾರುವ ಕುದುರೆಯಾಗಲಿ ಉದ್ದಜಿಗಿತದ ಆಟಗಾರನಾಗಲಿ ನೆಲದಿಂದ ಕಾಲು ಕೀಳುವುದಕ್ಕೆ ಈ ಮಾತು ಬಳಕೆಗೆ ಬಂದಿತು. ವಿಮಾನದ ಆರಂಭದ ದಿನಗಳಲ್ಲಾದರೂ ಅದು ಅನಿವಾರ್ಯ ಪದವಾಗಿರಲಿಲ್ಲ. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಸಮೀಪದ ಮರಳುನೆಲದಲ್ಲಿ, 60 ಅಡಿ ಉದ್ದದ ಹಳಿಯ ಮೇಲೆ ಓಡಿ ಮೇಲೆದ್ದ ರೈಟ್ ಸಹೋದರರ ಯಂತ್ರ ಮೊದಲ ಸಲ 12 ಸೆಕೆಂಡುಗಳಲ್ಲಿ 120 ಅಡಿ ಹಾರಿತು. ಅಂದು ಆರ್ವಿಲ್ ತಂದೆಗೆ ಕಳುಹಿಸಿದ ತಂತಿಯಲ್ಲಿ, ಎಂಜಿನ್ನಿನ ಬಲವೊಂದರಿಂದಲೇ ಸಮನೆಲದಿಂದ ಮೇಲೆದ್ದುದನ್ನು ಹೇಳಲು ಬಳಸಿದ ಕ್ರಿಯಾಪದ ‘ಸ್ಟಾರ್ಟ್’. ಮುಂದೆ ವಿಮಾನಯಾನ ಬೆಳೆದಂತೆ ಜಿಗಿತದ ಪದವೇ ಹಾರಾಟಕ್ಕೆ ನೆಲೆಗೊಂಡಿತು. ಚಕ್ರ ನೆಲದಿಂದ ಬೇರ್ಪಡುವ ಕ್ಷಣವನ್ನು ‘ಆಫ್’ ನಿಖರವಾಗಿ ಹಿಡಿದದ್ದೇ ಅದಕ್ಕೆ ಕಾರಣವೆನ್ನಬಹುದು.

ವಿಮಾನದಿಂದ ಪದ ಅರ್ಥಶಾಸ್ತ್ರಕ್ಕೂ ಹೋಯಿತು. ಅಮೆರಿಕದ ಅರ್ಥಶಾಸ್ತ್ರಜ್ಞ ರೋಸ್ಟೋ 1960ರ ಗ್ರಂಥದಲ್ಲಿ ದೇಶದ ಆರ್ಥಿಕ ಬೆಳವಣಿಗೆಯನ್ನು ಐದು ಹಂತಗಳಾಗಿ ವಿಂಗಡಿಸಿ, ಬೆಳವಣಿಗೆ ತನ್ನ ಬಲದಿಂದಲೇ ಮುಂದುವರಿಯತೊಡಗುವ ಮೂರನೆಯ ಹಂತಕ್ಕೆ ‘ಟೇಕ್ ಆಫ್’ ಎಂದು ಹೆಸರಿಟ್ಟರು.

ಕನ್ನಡ ಪತ್ರಿಕೆಗಳಲ್ಲಿ ವಿಮಾನ ‘ಟೇಕಾಫ್ ಆಗು’ವುದಷ್ಟೇ ಅಲ್ಲ, ಅಧಿಕಾರಕ್ಕೆ ಬಂದೂ ಕೆಲಸ ಆರಂಭಿಸದ ಸರ್ಕಾರ ‘ಇನ್ನೂ ಟೇಕಾಫ್ ಆಗಿಲ್ಲ’ ಎಂಬ ಟೀಕೆಯೂ ರೂಢಿಯ ಮಾತಾಗಿದೆ. ಇಂಗ್ಲಿಷ್‌ನ ಎರಡು ಪದಗಳು ಇಲ್ಲಿ ಒಂದೇ ನಾಮಪದವಾಗಿ ಬೆಸೆದು, ‘ಆಗು’ ಎಂಬ ಕನ್ನಡ ಕ್ರಿಯಾಪದವನ್ನು ಪಡೆದಿವೆ. ‘ವಿಮಾನ ಹೊರಟಿತು’ ಎಂದರೆ ಅದು ನಿಲ್ದಾಣದಲ್ಲಿ ನಿಂತಿದ್ದ ಸ್ಥಳ ಬಿಟ್ಟಿತೆಂದಷ್ಟೇ ಆಗಬಹುದು. ‘ಟೇಕಾಫ್ ಆಯಿತು’ ಎಂದಾಗ ಮಾತ್ರ ನೆಲ ಬಿಟ್ಟದ್ದು ಖಚಿತ. ಹೊಸ್ತಿಲು ದಾಟಿ ಹೊರಗೆ ಕಾಲಿಡುವುದನ್ನು ‘ಹೊರಡು’ ಕಂಡಿತು. ಆಧರಿಸಿ ನಿಂತದ್ದರಿಂದ ಕಳಚಿಕೊಳ್ಳುವುದನ್ನು ‘ಟೇಕ್ ಆಫ್’ ಕಂಡಿತು. ಕನ್ನಡಕ್ಕೆ ಎರಡನೆಯದೂ ಬೇಕಾದದ್ದರಿಂದಲೇ ಅದು ಈ ನುಡಿಯಲ್ಲಿ ನೆಲೆಯೂರಿತು.