ತಂಗಳು ಬ್ರೆಡ್ಡಿನ ಸೂಪ್, ಆಗಸ್ಟಿನ ಟೊಮೆಟೊ ಬಾಟಲಿ: ಇಟಲಿಯ ಮನೆಗಳಲ್ಲಿ ಯಾವ ಕಾಲಕ್ಕೆ ಯಾವ ಅಡುಗೆ?

2025ರ ಡಿಸೆಂಬರ್‌ನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಸಭೆ ಸೇರಿದ್ದ ಯುನೆಸ್ಕೋ ಸಮಿತಿ ದೀಪಾವಳಿಯ ಜತೆಗೆ ಇಟಲಿಯ ಅಡುಗೆಯನ್ನೂ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನೇಪಲ್ಸ್‌ನ ಪಿಜ್ಜಾ ತಯಾರಕರ ಕಲೆಗೆ ಈ ಮನ್ನಣೆ 2017ರಲ್ಲೇ ಸಿಕ್ಕಿತ್ತು. ಈ ಬಾರಿ ಮನ್ನಣೆ ಪಡೆದದ್ದು ಆಯಾ ಕಾಲದ ತರಕಾರಿ ಬಳಸುವ, ಉಳಿದದ್ದನ್ನು ಎಸೆಯದ, ಮನೆಮಂದಿ ಒಟ್ಟಿಗೆ ಕೂತು ಉಣ್ಣುವ ರೂಢಿ.

ಟಸ್ಕನಿ ಪ್ರಾಂತ್ಯದ ಬ್ರೆಡ್ಡನ್ನೇ ನೋಡಿ. ಅದಕ್ಕೆ ಉಪ್ಪು ಹಾಕುವುದಿಲ್ಲ, ಕೆಲವೇ ದಿನಗಳಲ್ಲಿ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಆ ತಂಗಳು ಬ್ರೆಡ್ಡನ್ನು ನೀರಿನಲ್ಲಿ ನೆನೆಸಿ ಹಿಂಡಿ, ಟೊಮೆಟೊ, ಈರುಳ್ಳಿ, ಬೇಸಿಲ್ ಎಲೆ, ಆಲಿವ್ ಎಣ್ಣೆ, ವಿನೆಗರ್ ಬೆರೆಸಿದರೆ ‘ಪಾಂಜನೆಲ್ಲಾ’ ಸಿದ್ಧ. ಮಾಗಿದ ಟೊಮೆಟೊ ಜತೆ ಬೇಯಿಸಿದರೆ ಗಂಜಿಯಂಥ ‘ಪಾಪ್ಪಾ ಅಲ್ ಪೊಮೊದೊರೊ’. ಚಳಿಗಾಲಕ್ಕೆ ‘ರಿಬೊಲ್ಲಿತಾ’ ಇದೆ. ಬಿಳಿ ಬೀನ್ಸ್ ಕಾಳು, ಕ್ಯಾರೆಟ್, ಸೆಲರಿ ಮತ್ತು ಕಡುಹಸಿರು ಕೇಲ್ ಸೊಪ್ಪಿನ ಸೂಪ್‌ಗೆ ಬ್ರೆಡ್ ಸೇರಿಸಿಟ್ಟು, ಮರುದಿನ ಮತ್ತೆ ಕುದಿಸುತ್ತಾರೆ. ಹೆಸರಿನ ಅರ್ಥವೇ ‘ಮತ್ತೆ ಕುದಿಸಿದ್ದು’. ಚೆನ್ನಾಗಿ ಚಳಿ ಹಿಡಿದ ಮೇಲೆ ಕೊಯ್ದ ಕೇಲ್ ಸೊಪ್ಪಿಗೇ ರುಚಿ ಹೆಚ್ಚು ಎಂಬುದು ಅಲ್ಲಿನವರ ಮಾತು.

ದಕ್ಷಿಣ ಇಟಲಿಯಲ್ಲಿ ಆಗಸ್ಟ್ ಎಂದರೆ ಟೊಮೆಟೊ ತಿಂಗಳು. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಸೇರಿ ಕ್ರೇಟ್‌ಗಟ್ಟಲೆ ಹಣ್ಣು ತೊಳೆದು, ಬೇಯಿಸಿ, ಸಿಪ್ಪೆ–ಬೀಜ ಬೇರ್ಪಡಿಸುವ ಯಂತ್ರಕ್ಕೆ ಹಾಕಿ ತಿರುಗಿಸುತ್ತಾರೆ. ಮಂದ ರಸವನ್ನು ಬಾಟಲಿಗೆ ತುಂಬಿ, ಒಂದೆರಡು ಬೇಸಿಲ್ ಎಲೆ ಹಾಕಿ, ಮುಚ್ಚಳ ಬಿಗಿಯುತ್ತಾರೆ. ಬಳಿಕ ಬಾಟಲಿಗಳು ಒಂದಕ್ಕೊಂದು ತಾಗಿ ಒಡೆಯದಂತೆ ನಡುವೆ ಬಟ್ಟೆ ಇಟ್ಟು, ಡ್ರಮ್ಮಿನ ನೀರಿನಲ್ಲಿ ಕುದಿಸುತ್ತಾರೆ. ಈ ‘ಪಾಸ್ಸಾತಾ’ ಮುಂದಿನ ಬೇಸಿಗೆಯವರೆಗೂ ಸಾಸ್‌ಗೆ ಆಧಾರ. ಅಂಗಡಿಯಲ್ಲೂ ಇದು ಸಿಗುತ್ತದೆ. ನಗರದ ಫ್ಲ್ಯಾಟ್‌ಗಳಲ್ಲಿ ಡ್ರಮ್ ಇಟ್ಟು ಒಲೆ ಹಚ್ಚಲು ಜಾಗವಾದರೂ ಎಲ್ಲಿದೆ?

ಅಂದಹಾಗೆ, ಟೊಮೆಟೊ ಇಟಲಿಯದ್ದಲ್ಲ. 16ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದದ್ದು. ಮೆಕ್ಕೆಜೋಳವೂ ಹಾಗೆಯೇ ಬಂದು, ಉತ್ತರದಲ್ಲಿ ‘ಪೊಲೆಂಟಾ’ ಆಯಿತು. ಕುದಿಯುವ ನೀರಿಗೆ ಹಿಟ್ಟು ಸುರಿದು ಮುಕ್ಕಾಲು ಗಂಟೆ ತಿರುವಬೇಕು. ಇಂದು ರೆಸ್ಟೋರೆಂಟ್‌ಗಳಲ್ಲಿ ಮೆರೆಯುವ ಈ ‘ಬಡವರ ಅಡುಗೆ’ಯ ಹಿಂದೆ ಕಹಿ ಇತಿಹಾಸವಿದೆ. 18 ಮತ್ತು 19ನೇ ಶತಮಾನಗಳಲ್ಲಿ ಬಹುಪಾಲು ಪೊಲೆಂಟಾವನ್ನೇ ಉಂಡ ರೈತರು ಪೆಲಾಗ್ರಾ ರೋಗಕ್ಕೆ ತುತ್ತಾದರು. ಚರ್ಮ ಸುಲಿದು, ಬುದ್ಧಿ ಭ್ರಮಣೆಯಾಗಿ ಸಾವನ್ನಪ್ಪಿದವರೂ ಇದ್ದರು. ಕಾರಣ ನಿಯಾಸಿನ್ (ಬಿ3 ಜೀವಸತ್ವ) ಕೊರತೆ. ಮೆಕ್ಸಿಕೊದಲ್ಲಿ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುವುದರಿಂದ ಈ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಯುರೋಪಿಗೆ ಕಾಳು ಬಂತು, ಆ ವಿದ್ಯೆ ಬರಲಿಲ್ಲ.

ಹಬ್ಬಗಳ ಲೆಕ್ಕ ಬೇರೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾಂಸವಿಲ್ಲ, ಮೀನು. ಹೊಸ ವರ್ಷಕ್ಕೆ ಮಸೂರ ಕಾಳು. ನಾಣ್ಯದ ಆಕಾರದ್ದಾದ್ದರಿಂದ ಹಣ ತರುತ್ತದೆಂಬ ನಂಬಿಕೆ. ಈಸ್ಟರ್‌ಗೆ ನೇಪಲ್ಸ್‌ನಲ್ಲಿ ಬೆಂದ ಗೋಧಿ ಮತ್ತು ರಿಕೊಟ್ಟಾ ತುಂಬಿದ ‘ಪಾಸ್ತಿಯೆರಾ’. ಮೇ 1ರಂದು ರೋಮ್‌ನವರು ಎಳೆಯ ಫಾವಾ ಕಾಳನ್ನು ಕುರಿಹಾಲಿನ ಪೆಕೊರಿನೊ ಚೀಸ್ ಜತೆ ಹಸಿಯಾಗಿಯೇ ತಿನ್ನುತ್ತಾರೆ.

ಮನೆಯಲ್ಲಿ ಪ್ರಯತ್ನಿಸುವ ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು: ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಪಾಂಜನೆಲ್ಲಾ, ರಿಬೊಲ್ಲಿತಾಗಳಿಗೆ ಚೀಸ್ ಬೇಕಿಲ್ಲ.